ನೀರು ಕೇಳಿದ ಮಗು: ಒಂದು ಪೊಟ್ಟಣದ ಚರಿತ್ರೆ

ನಮ್ಮ ಅಜ್ಜಿ ತೀರಿಕೊಳ್ಳುವವರೆಗೂ ವರ್ಷಕ್ಕೆ ಒಂದೆರಡು ಬಾರಿಯಾದರೂ ಒಂದು ಮಾತನ್ನು ಹೇಳುತ್ತಿದ್ದರು: "ಮಗ ನೀರು ನೀರು ಅಂತಿತ್ತು ಕಣ್ರಪ್ಪಾ, ನಾನೇ ಕೊಡ್ಲಿಲ್ಲ." ಆ ಮಗು ನಮ್ಮ ದೊಡ್ಡಕ್ಕ. 1976ರ ಬೇಸಿಗೆಯಲ್ಲಿ, ಅರಸೀಕೆರೆ ಸೀಮೆಯ ನಮ್ಮ ಹಳ್ಳಿಯಲ್ಲಿ, ಎರಡು ವರ್ಷ ತುಂಬಿದ ಕೆಲವೇ ದಿನಗಳಲ್ಲಿ ವಾಂತಿಭೇದಿಯಿಂದ ಹೋದಳು. ಉಳಿದ ಮಕ್ಕಳಾದ ನಾವು ಯಾರೂ ಆಗಿನ್ನೂ ಹುಟ್ಟಿರಲಿಲ್ಲ. ಹೊಟ್ಟೆಗೆ ಏನು ಹಾಕಿದರೂ ಹೊರಗೆ ಬರುತ್ತಿದ್ದುದರಿಂದ, ನೀರು ಕೊಟ್ಟರೆ ಭೇದಿ ಇನ್ನೂ ಹೆಚ್ಚುತ್ತದೆಂದು ಮನೆಯವರೆಲ್ಲ ನಂಬಿದ್ದರು. ಪಕ್ಕದೂರಿನ ಕಾಂಪೌಂಡರ್ ಕೂಡ ಹೊಟ್ಟೆಯನ್ನು ಖಾಲಿ ಬಿಡಿ ಎಂದೇ ಹೇಳಿ ಕಳಿಸಿದ್ದರಂತೆ. ಬೆಳಗಿನ ಬಸ್ಸಿಗೆ ಆಸ್ಪತ್ರೆಗೆ ಹೊರಡಬೇಕೆಂದು ಬಟ್ಟೆ ಕಟ್ಟಿಟ್ಟಿದ್ದರು. ಬಸ್ಸು ಬರುವ ಮುನ್ನ ಎಲ್ಲ ಮುಗಿದಿತ್ತು. ಮನೆಯ ಹಿಂದೆ ತೆಂಗಿನ ತೋಟ. ಅಟ್ಟದಲ್ಲಿ ಬೆಲ್ಲದ ಅಚ್ಚು. ಅಡಿಗೆಮನೆಯಲ್ಲಿ ಉಪ್ಪಿನ ಮರಿಗೆ. ಆ ಮಗುವನ್ನು ಉಳಿಸಬಹುದಾಗಿದ್ದ ಪದಾರ್ಥಗಳೆಲ್ಲ ಇಪ್ಪತ್ತು ಹೆಜ್ಜೆಯೊಳಗೇ ಇದ್ದವು.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಈ ಬರಹವನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ಮನೆಯಲ್ಲಿ, ಅಜ್ಜಿ ಹೆತ್ತ ಮಕ್ಕಳ ಲೆಕ್ಕಕ್ಕೂ ಉಳಿದ ಮಕ್ಕಳ ಲೆಕ್ಕಕ್ಕೂ ತಾಳೆಯಾಗದ ಒಂದೆರಡು ಸಂಖ್ಯೆಗಳಿರುತ್ತವೆ. ಆ ಸಂಖ್ಯೆಗಳ ಹಿಂದೆ ಬಹುಮಟ್ಟಿಗೆ ಇರುವುದು ಜ್ವರ, ಕೆಮ್ಮು, ಭೇದಿ ಎಂಬ ಮೂರು ಸಾಮಾನ್ಯ ಪದಗಳು. ಇಂದು ಯಾವುದೇ ಕುಟುಂಬ ವೈದ್ಯರ ಮುಂದಿನ ಬೆಂಚಿನಲ್ಲಿ ಕುಳಿತರೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೇಳಿಬರುವ ಪದಗಳೂ ಇವೇ. ಮಹಾವ್ಯಾಧಿಗಳ ಚರಿತ್ರೆಯನ್ನು ಬರೆದವರು ಬಹಳ ಮಂದಿ ಇದ್ದಾರೆ. ಸಾಮಾನ್ಯ ಕಾಯಿಲೆಗಳ ಚರಿತ್ರೆಯನ್ನು ಬರೆದವರು ಕಡಿಮೆ. ಭೇದಿ ಎಂಬ ಅತಿ ಸಾಮಾನ್ಯ ಕಾಯಿಲೆಗೆ ಉಪ್ಪು, ಸಕ್ಕರೆ, ನೀರು ಎಂಬ ಅತಿ ಸಾಮಾನ್ಯ ಔಷಧ ದೊರಕಲು ಏಕೆ ಅಷ್ಟು ಕಾಲ ಹಿಡಿಯಿತು, ದೊರಕಿದ ಮೇಲೂ ಅದು ಏಕೆ ನಮ್ಮ ಮನೆಗಳಿಗೆ ತಲುಪಲಿಲ್ಲ ಎಂಬುದನ್ನು ಇಲ್ಲಿ ಹೇಳಲು ಯತ್ನಿಸಿದ್ದೇವೆ.

ಈ ಕಥೆಯೊಳಕ್ಕೆ ನಾವು ಪ್ರವೇಶಿಸಿದ್ದು ಅನಿರೀಕ್ಷಿತವಾದ ಬಾಗಿಲಿನಿಂದ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇಂಗ್ಲಿಷ್ ಎಂ.ಎ. ಓದಿದವರೆಂಬ ಒಂದೇ ಕಾರಣಕ್ಕೆ, ಇಲಾಖೆಯ ಹಳೆಯ ಚರಿತ್ರೆಯ ಕುರಿತು ಒಂದು ಭಾಷಣ ಬರೆದುಕೊಡುವ ಹೊಣೆ ನಮ್ಮ ಮೇಲೆ ಬಿತ್ತು. ಭಾರತಕ್ಕೆ ತಂತಿ ವ್ಯವಸ್ಥೆಯನ್ನು ತಂದವರು ವಿಲಿಯಂ ಬ್ರೂಕ್ ಓಶಾನೆಸಿ ಎಂಬ ಐರಿಷ್ ಮನುಷ್ಯ. 1850ರ ದಶಕದಲ್ಲಿ ಕಲ್ಕತ್ತೆಯಿಂದ ಹೊರಟು ಉಪಖಂಡದ ಉದ್ದಗಲಕ್ಕೂ ತಂತಿ ಎಳೆಸಿದವರು. ಅವರು ಎಂಜಿನಿಯರ್ ಇರಬೇಕೆಂದು ನಾವು ಭಾವಿಸಿದ್ದೆವು. ಓದುತ್ತಾ ಹೋದಂತೆ ತಿಳಿದದ್ದು, ಅವರು ವೈದ್ಯರು; ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು; ಭಾರತಕ್ಕೆ ಬರುವ ಮುನ್ನವೇ, ತಮ್ಮ ಇಪ್ಪತ್ತರ ಹರೆಯದಲ್ಲಿ, ಕಾಲರಾ ರೋಗದ ಒಂದು ಮುಖ್ಯ ರಹಸ್ಯವನ್ನು ಕಂಡುಹಿಡಿದವರು.

1831ರಲ್ಲಿ ಕಾಲರಾ ಮೊದಲ ಬಾರಿಗೆ ಇಂಗ್ಲೆಂಡಿನ ನೆಲಕ್ಕೆ ಕಾಲಿಟ್ಟಿತು. ವೈದ್ಯರು ತಮಗೆ ತಿಳಿದದ್ದನ್ನೆಲ್ಲ ಮಾಡಿದರು: ರಕ್ತ ಹರಿಯಬಿಟ್ಟರು, ಪಾದರಸದ ಔಷಧಿ ಕುಡಿಸಿದರು, ಭೇದಿಗೆ ಮತ್ತಷ್ಟು ವಿರೇಚನ ಕೊಟ್ಟರು. ಓಶಾನೆಸಿ ರೋಗಿಗಳ ರಕ್ತವನ್ನು ಪರೀಕ್ಷಿಸಿ ನೋಡಿದರು. ಅದರಲ್ಲಿ ನೀರಿನ ಅಂಶವೂ ಲವಣಗಳೂ ಬಹಳ ಕುಗ್ಗಿದ್ದವು. ಹೊರಗೆ ಹೋದ ಭೇದಿಯಲ್ಲಿ ಅವೇ ಲವಣಗಳಿದ್ದವು. ಹೋದದ್ದನ್ನು ತುಂಬಿಕೊಡಬೇಕು ಎಂಬುದು ಅವರ ತೀರ್ಮಾನವಾಗಿತ್ತು. ಮರುವರ್ಷವೇ, 1832ರಲ್ಲಿ, ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಾಟಾ ಎಂಬ ವೈದ್ಯರು ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ವೃದ್ಧೆಯ ರಕ್ತನಾಳಕ್ಕೆ ಉಪ್ಪುನೀರನ್ನು ಹನಿಸಿದರು. ನಾಡಿ ಮರಳಿತು, ಗುಳಿಬಿದ್ದ ಮುಖಕ್ಕೆ ಕಳೆ ಬಂತು. ಲಾಟಾ ಆಕೆಯನ್ನು ಮತ್ತೊಬ್ಬರ ಸುಪರ್ದಿಗೆ ಬಿಟ್ಟು ವಿಶ್ರಾಂತಿಗೆ ಹೋದರು. ಭೇದಿ ಮತ್ತೆ ಆರಂಭವಾಯಿತು, ಉಪ್ಪುನೀರನ್ನು ಮುಂದುವರಿಸಲಿಲ್ಲ, ಕೆಲವು ಗಂಟೆಗಳಲ್ಲಿ ಆಕೆ ಸತ್ತಳು. ಕ್ರಿಮಿಗಳ ಅರಿವಿಲ್ಲದ ಕಾಲದಲ್ಲಿ ಶುದ್ಧವಲ್ಲದ ನೀರನ್ನು ರಕ್ತಕ್ಕೆ ಬಿಡುವುದು ಹೇಗೂ ಅಪಾಯಕಾರಿಯೇ ಆಗಿತ್ತು. ಲಾಟಾ 1833ರಲ್ಲಿ ತೀರಿಕೊಂಡರು. ಓಶಾನೆಸಿ ಭಾರತಕ್ಕೆ ಬಂದು ತಂತಿಕಂಬಗಳ ಕೆಲಸದಲ್ಲಿ ಮುಳುಗಿದರು. ಸರಿಯಾದ ವಿಚಾರವೊಂದು ಹೀಗೆ ಏಳೆಂಟು ದಶಕ ಮೂಲೆ ಸೇರಿತು.

ಈ ನಡುವೆ ರೋಗದ ಕಾರಣವನ್ನು ಹುಡುಕುವ ಕೆಲಸ ಸಾಗಿತ್ತು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಕೈಪಂಪಿನ ಸುತ್ತ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ ಜಾನ್ ಸ್ನೋ ಕಾಲರಾ ನೀರಿನಿಂದ ಹರಡುತ್ತದೆಂದು ತೋರಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕುಳಿತು ಅಲ್ಪವಿರಾಮದಾಕಾರದ ಆ ರೋಗಾಣುವನ್ನು ಬೇರ್ಪಡಿಸಿ ತೋರಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್ ಲವಣದ್ರಾವಣವನ್ನು ರಕ್ತನಾಳಕ್ಕೆ ಕೊಡುವ ವಿಧಾನವನ್ನು ಮತ್ತೆ ತಂದು ಸಾವುಗಳನ್ನು ಬಹಳಷ್ಟು ತಗ್ಗಿಸಿದರು. ಆದರೆ ಅದಕ್ಕೆ ಶುದ್ಧೀಕರಿಸಿದ ಬಾಟಲಿ ಬೇಕು, ಸೂಜಿ ಬೇಕು, ನರ ಹುಡುಕಬಲ್ಲ ನುರಿತ ಕೈ ಬೇಕು, ಆಸ್ಪತ್ರೆ ಬೇಕು. ಕಾಲರಾ ಬರುತ್ತಿದ್ದ ಊರುಗಳಲ್ಲಿ ಈ ನಾಲ್ಕೂ ಇರುತ್ತಿರಲಿಲ್ಲ.

ಹಾಗಾದರೆ ಬಾಯಿಂದಲೇ ಏಕೆ ಕೊಡಬಾರದು? ಇಲ್ಲಿಯೇ ವೈದ್ಯಶಾಸ್ತ್ರವೂ ನಮ್ಮ ಅಜ್ಜಿಯೂ ಒಂದೇ ನಂಬಿಕೆಯಲ್ಲಿ ನಿಂತಿದ್ದರು. ಕಾಲರಾದಲ್ಲಿ ಕರುಳಿನ ಒಳಪೊರೆಯೇ ಕಳಚಿ ಬೀಳುತ್ತದೆಂದು ಬಹುಕಾಲ ವೈದ್ಯರು ತಿಳಿದಿದ್ದರು. ಪೊರೆಯೇ ಇಲ್ಲದ ಕರುಳು ನೀರನ್ನು ಹೀರುವುದು ಹೇಗೆ? ಆದ್ದರಿಂದ ಕರುಳಿಗೆ ವಿಶ್ರಾಂತಿ ಕೊಡಬೇಕು, ಆಹಾರ ನಿಲ್ಲಿಸಬೇಕು ಎಂದು ಪಠ್ಯಪುಸ್ತಕಗಳೇ ಹೇಳುತ್ತಿದ್ದವು. ಲಂಘನವೇ ಪರಮೌಷಧವೆಂಬ ನಮ್ಮ ಹಿರಿಯರ ಮಾತು ಅಜೀರ್ಣಕ್ಕೆ ಸಲ್ಲಬಹುದು. ಗಂಟೆಗಂಟೆಗೂ ನೀರು ಕಳೆದುಕೊಳ್ಳುತ್ತಿರುವ ಕೂಸಿಗೆ ಅದು ಮರಣಶಾಸನ. ಆದರೆ ಹಳ್ಳಿಯ ಮುದುಕಿಯೊಬ್ಬಳ ಅಜ್ಞಾನವೆಂದು ನಾವು ಎಣಿಸಿದ್ದುದು ದೊಡ್ಡ ದೊಡ್ಡ ಆಸ್ಪತ್ರೆಗಳ ಶಾಸ್ತ್ರವೂ ಆಗಿತ್ತು ಎಂಬುದನ್ನು ಅರಿತ ದಿನ ನಮ್ಮ ಮನಸ್ಸಿನ ಒಂದು ಭಾರ ಸ್ವಲ್ಪ ಇಳಿಯಿತು.

ಈ ನಂಬಿಕೆಯನ್ನು ಮೊದಲು ಪ್ರಶ್ನಿಸಿದವರಲ್ಲಿ ಹೇಮೇಂದ್ರನಾಥ ಚಟರ್ಜಿ ಎಂಬ ಕಲ್ಕತ್ತೆಯ ವೈದ್ಯರೂ ಒಬ್ಬರು. 1953ರಲ್ಲಿ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ 186 ಕಾಲರಾ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ವಾಂತಿ ನಿಲ್ಲಲು ಒಂದು ಔಷಧ ಕೊಟ್ಟು, ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ಅವರನ್ನು ಉಳಿಸಿಕೊಂಡಿದ್ದರು. ಭೇದಿಗೆ ಅವರು ಬಳಸಿದ ಒಂದು ಎಲೆಯ ರಸದ ಹೆಸರನ್ನು ಓದಿ ನಾವು ಬೆರಗಾದೆವು. ಅದು ಬೇರೆ ಯಾವುದೂ ಅಲ್ಲ, ನಮ್ಮ ಹಿತ್ತಿಲಿನ ದೊಡ್ಡಪತ್ರೆ. ಕೆಮ್ಮಿಗೆ ಬಾಡಿಸಿ ರಸ ಹಿಂಡುವ, ತಂಬುಳಿ ಮಾಡುವ, ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನ ಬಾಲ್ಕನಿಯಲ್ಲೂ ಕನ್ನಡಿಗರು ಕುಂಡದಲ್ಲಿ ಬೆಳೆಸಿಕೊಂಡಿರುವ ಆ ದಪ್ಪ ಎಲೆಯ ಗಿಡ. ರೋಗಿಗಳನ್ನು ನಿಜಕ್ಕೂ ಉಳಿಸಿದ್ದು ಎಲೆಗಿಂತ ಹೆಚ್ಚಾಗಿ ಉಪ್ಪು ಗ್ಲೂಕೋಸಿನ ನೀರು ಎಂದು ಇಂದು ಹೇಳಬಹುದು. ಆದರೆ ಒಳಹೋದದ್ದೆಷ್ಟು, ಹೊರಬಂದದ್ದೆಷ್ಟು ಎಂಬ ಲೆಕ್ಕವೂ ಹೋಲಿಕೆಗೆ ಮತ್ತೊಂದು ಗುಂಪೂ ಆ ವರದಿಯಲ್ಲಿರಲಿಲ್ಲ. ಅದು ಏಕೆ ಕೆಲಸ ಮಾಡಿತೆಂದು ವಿವರಿಸುವ ವಿಜ್ಞಾನವೂ ಆಗಿರಲಿಲ್ಲ. ಜಗತ್ತು ಅದನ್ನು ಗಮನಿಸಲಿಲ್ಲ.

ಆ ವಿಜ್ಞಾನ ಮುಂದಿನ ಹತ್ತು ವರ್ಷಗಳಲ್ಲಿ ಎರಡು ಕಡೆಯಿಂದ ಬಂತು. 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ, ಕಾಲರಾ ರೋಗಾಣುವನ್ನು ಸೋಸಿ ತೆಗೆದುಹಾಕಿದ ದ್ರವವೊಂದೇ ಮೊಲದ ಕರುಳಿನಲ್ಲಿ ನೀರು ತುಂಬಿಸಬಲ್ಲದೆಂದು ತೋರಿಸಿದರು. ಎಂದರೆ, ರೋಗಾಣು ಕರುಳನ್ನು ಹರಿದುಹಾಕುವುದಿಲ್ಲ. ಅದು ಬಿಡುವ ವಿಷ ಕರುಳಿನ ಕೋಶಗಳ ನಲ್ಲಿಯನ್ನು ತಿರುಗಿಸಿಬಿಡುತ್ತದೆ. ಪೊರೆ ಇದ್ದ ಹಾಗೆಯೇ ಇರುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿ ಪ್ರಾಗ್ ನಗರದ ಸಭೆಯೊಂದರಲ್ಲಿ ಇನ್ನೊಂದು ವಿಚಾರವನ್ನು ಮುಂದಿಟ್ಟರು: ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಒಂದೇ ಬಾಗಿಲಿನಿಂದ ಒಳಹೋಗುತ್ತವೆ. ಅವು ಹೋದೆಡೆಗೆ ನೀರು ಹಿಂಬಾಲಿಸುತ್ತದೆ. ಕಾಲರಾದಲ್ಲಿ ಹೊರಹರಿವು ಎಷ್ಟೇ ರಭಸವಾಗಿದ್ದರೂ ಈ ಬಾಗಿಲು ಮುಚ್ಚುವುದಿಲ್ಲ. ಬರಿಯ ನೀರು ಸಾಲದು, ಬರಿಯ ಉಪ್ಪುನೀರೂ ಸಾಲದು. ಉಪ್ಪಿನೊಂದಿಗೆ ಒಂದಿಷ್ಟು ಸಿಹಿ ಇದ್ದರೆ ಮಾತ್ರ ಕರುಳು ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಹಳ್ಳಿಯ ಉಪ್ಪು ಹಾಕಿದ ಗಂಜಿತಿಳಿಯೂ ಇದೇ ಸೂತ್ರದ್ದು, ಏಕೆಂದರೆ ಅಕ್ಕಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ.

ವಿಚಾರ ಗೊತ್ತಾದರೂ ಪ್ರಯೋಗ ಸುಲಭವಾಗಿರಲಿಲ್ಲ. ಅಮೆರಿಕದ ನೌಕಾದಳದ ವೈದ್ಯ ರಾಬರ್ಟ್ ಫಿಲಿಪ್ಸ್ 1962ರಲ್ಲಿ ಫಿಲಿಪ್ಪೀನ್ಸಿನಲ್ಲಿ ನಡೆಸಿದ ಪ್ರಯತ್ನದಲ್ಲಿ ಕೆಲವು ರೋಗಿಗಳು ಸತ್ತರು, ಅವರು ಕೈಹಿಂತೆಗೆದರು. ಮುಂದೆ ಢಾಕಾದ ಕಾಲರಾ ಸಂಶೋಧನಾ ಕೇಂದ್ರದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ, ಮೂವತ್ತು ತುಂಬದ ಇಬ್ಬರು ವೈದ್ಯರು ದಾರಿ ಕಂಡುಕೊಂಡರು. ಮಧ್ಯದಲ್ಲಿ ತೂತಿರುವ ಮಂಚ, ಕೆಳಗೊಂದು ಬಕೆಟ್. ರೋಗಿಯಿಂದ ಎಷ್ಟು ಹೊರಬಂತೋ ಅಷ್ಟನ್ನು ಅಳೆದು, ಅದಕ್ಕೆ ಸರಿಯಾಗಿ ದ್ರಾವಣ ಕುಡಿಸುವುದು. ಅವರ ವಿದ್ಯೆ ಇಷ್ಟೇ. 1968ರಲ್ಲಿ 29 ರೋಗಿಗಳ ಮೇಲೆ ನಡೆದ ಈ ಪರೀಕ್ಷೆಯಲ್ಲಿ ರಕ್ತನಾಳಕ್ಕೆ ಕೊಡಬೇಕಾದ ದ್ರಾವಣದ ಅಗತ್ಯ ಶೇ. 80ರಷ್ಟು ಇಳಿಯಿತು. ಕಲ್ಕತ್ತೆಯ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನಾ ಕೇಂದ್ರದಲ್ಲೂ ಇಂಥದೇ ಫಲ ಕಂಡುಬಂತು. ಆದರೆ ಇವೆಲ್ಲ ಪ್ರತಿ ರೋಗಿಗೂ ದಾದಿಯೊಬ್ಬರು ಲೆಕ್ಕ ಬರೆಯುವ ಆಸ್ಪತ್ರೆಯೊಳಗಿನ ಪರೀಕ್ಷೆಗಳು. ಸಾಮಾನ್ಯ ಜನರ ಕೈಗೆ ಇದನ್ನು ಕೊಡಬಹುದೆಂದು ಯಾರೂ ಧೈರ್ಯವಾಗಿ ಹೇಳುತ್ತಿರಲಿಲ್ಲ.

ಧೈರ್ಯ ಬಂದದ್ದು ಬೇರೆ ದಾರಿಯಿಲ್ಲದಾಗ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಕೋಲ್ಕತ್ತದಲ್ಲಿ ಕೆಲಸದ ಮೇಲಿದ್ದ ವರ್ಷಗಳಲ್ಲಿ ನಾವೊಮ್ಮೆ ಸಿಯಾಲ್ದಾದಿಂದ ಲೋಕಲ್ ರೈಲು ಹಿಡಿದು ಬನಗಾಂವ್‌ಗೆ ಹೋಗಿದ್ದೆವು. ಎರಡು ಗಂಟೆಯ ಪ್ರಯಾಣ. ಗಡಿಯವರೆಗೂ ಸಾಗುವ ಜೆಸೂರ್ ರಸ್ತೆಯ ಇಕ್ಕೆಲದಲ್ಲಿ ಹಳೆಯ ಮಳೆಮರಗಳು ಈಗಲೂ ಇವೆ. ಅಮೆರಿಕದ ಕವಿ ಆ್ಯಲನ್ ಗಿನ್ಸ್‌ಬರ್ಗ್ ಆ ವರ್ಷದ ಸೆಪ್ಟೆಂಬರಿನಲ್ಲಿ ನಿರಾಶ್ರಿತರ ಬಿಡಾರಗಳನ್ನು ಕಂಡು ಕವಿತೆ ಬರೆದದ್ದು ಇದೇ ರಸ್ತೆಯ ಹೆಸರಿನಲ್ಲಿ. ಎಂ.ಎ. ತರಗತಿಯಲ್ಲಿ ಅದನ್ನು ಓದಿದ್ದಾಗ ಅದೇ ರಸ್ತೆಯಲ್ಲಿ ನಡೆದ ಇನ್ನೊಂದು ಸಂಗತಿಯ ಅರಿವು ನಮಗಿರಲಿಲ್ಲ.

ಬನಗಾಂವ್ ಆಸ್ಪತ್ರೆಗೆ 1971ರ ಜೂನ್ 24ರಂದು ದಿಲೀಪ್ ಮಹಲನಬಿಸ್ ಎಂಬ ಮಕ್ಕಳ ವೈದ್ಯರು ಬಂದರು. ಅವರೂ ಹುಟ್ಟಿದ್ದು ಗಡಿಯಾಚೆಯ ಕಿಶೋರ್‌ಗಂಜ್‌ನಲ್ಲಿ, 1934ರಲ್ಲಿ. ಕಾಲರಾ ರೋಗಿಗಳಿಗಾಗಿ ಮೀಸಲಿದ್ದ ಎರಡು ಕೊಠಡಿಗಳು ತುಂಬಿ ನೆಲದ ಮೇಲೆಲ್ಲ ಜನ ಮಲಗಿದ್ದರು. ಅವರ ಬಳಿಗೆ ಹೋಗಲು ವೈದ್ಯರು ವಾಂತಿ ಭೇದಿಗಳ ನಡುವೆಯೇ ಮೊಣಕಾಲೂರಿ ಕೂರಬೇಕಿತ್ತು. ಲವಣದ್ರಾವಣದ ಬಾಟಲಿಗಳ ದಾಸ್ತಾನು ಮುಗಿಯುತ್ತ ಬಂದಿತ್ತು. ಸೂಜಿ ಹಾಕಬಲ್ಲವರು ಇಬ್ಬರೋ ಮೂವರೋ. ಮಹಲನಬಿಸ್ ಕಲ್ಕತ್ತೆಯ ತಮ್ಮ ಕೇಂದ್ರದ ಗ್ರಂಥಾಲಯದ ಕೊಠಡಿಯನ್ನೇ ಕಾರ್ಖಾನೆ ಮಾಡಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡಿಗೆ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ. ಇವನ್ನು ತೂಗಿ ಪೊಟ್ಟಣ ಕಟ್ಟಿ ಗಡಿಗೆ ಕಳಿಸುವುದು, ಅಲ್ಲಿ ನಲ್ಲಿ ಇರುವ ಡ್ರಮ್ಮುಗಳಲ್ಲಿ ಕಲಸಿಡುವುದು. ಅಮ್ಮಂದಿರು, ಗಂಡಂದಿರು, ಅಜ್ಜಿಯರು ಲೋಟ ತಂದು ಹಿಡಿದುಕೊಂಡು ಹೋಗಿ ತಮ್ಮವರಿಗೆ ಕುಡಿಸುವುದು. ನರದ ಮೂಲಕ ಕೊಡುವುದನ್ನು ತೀರ ಗಂಭೀರ ಸ್ಥಿತಿಯವರಿಗೆಂದು ಉಳಿಸಿಕೊಂಡರು.

ಆ ಡ್ರಮ್ಮುಗಳ ಮೇಲೆ 'ಓರಲ್ ಸಲೈನ್' ಎಂದು ಬರೆಯಿಸಿದ್ದರು. ಸಲೈನ್ ಎಂಬ ಮಾತಿಗೆ ಜನರಲ್ಲಿ ಆಗಲೇ ನಂಬಿಕೆಯಿತ್ತು. ಬಾಟಲಿಯ ಸಲೈನ್ ಜೀವ ಉಳಿಸುತ್ತದೆಂದು ಎಲ್ಲರೂ ಬಲ್ಲರು. ಇದು ಬಾಯಿಂದ ಕುಡಿಯುವ ಸಲೈನ್, ಅಷ್ಟೇ. ಬಾಂಗ್ಲಾದೇಶದಲ್ಲಿ ಇಂದಿಗೂ ಜನ ಅದನ್ನು ಸಲೈನ್ ಎಂದೇ ಕರೆಯುತ್ತಾರೆ. ಮಾಡುವ ವಿಧಾನವನ್ನು ಕರಪತ್ರದಲ್ಲಿ ಅಚ್ಚುಹಾಕಿಸಿ ಗಡಿಯುದ್ದಕ್ಕೂ ಹಂಚಿದರು. ಬಾಂಗ್ಲಾದ ಗುಪ್ತ ರೇಡಿಯೊ ಕೂಡ ಅದನ್ನು ಪ್ರಸಾರ ಮಾಡಿತು. ಮೊದಲು ನೂರು ರೋಗಿಗಳಲ್ಲಿ 30ರಷ್ಟು ಮಂದಿ ಸಾಯುತ್ತಿದ್ದ ಸ್ಥಳದಲ್ಲಿ, ಈ ವಿಧಾನದಿಂದ ನೋಡಿಕೊಂಡ ಸುಮಾರು 3,700 ರೋಗಿಗಳಲ್ಲಿ ಸತ್ತವರು ಶೇ. 3.6. ಓದುಬರಹ ಬಾರದ ತಾಯಂದಿರು, ಲೋಟ ಮತ್ತು ಚಮಚ ಹಿಡಿದು, ಇದನ್ನು ಸಾಧಿಸಿದ್ದರು. ವರದಿ 1973ರಲ್ಲಿ ಪ್ರಕಟವಾಯಿತು. ಆ ಶಿಬಿರವನ್ನು ಕಣ್ಣಾರೆ ಕಂಡಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಅದನ್ನು ಜಗತ್ತಿಗೆ ಒಪ್ಪಿಸಲು ಶ್ರಮಿಸಿದರು. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಸಂಪಾದಕೀಯ ಇದನ್ನು ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಲ್ಲದ್ದೆಂದು ಕೊಂಡಾಡಿತು. ಮಹಲನಬಿಸ್ 2022ರ ಅಕ್ಟೋಬರಿನಲ್ಲಿ ಕೋಲ್ಕತ್ತದಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಅವರ ಹೆಸರನ್ನು ಬಹುಜನ ಮೊದಲ ಬಾರಿಗೆ ಕೇಳಿದ್ದು ಆಗಲೇ.

ಈಗ ಲೆಕ್ಕ ಹಾಕಿ ನೋಡಿ. ಬನಗಾಂವ್‌ನ ಡ್ರಮ್ಮುಗಳು 1971ರವು. ನಮ್ಮ ಅಕ್ಕ ಹೋದದ್ದು 1976. ಐದು ವರ್ಷ. ಗಡಿಯ ಬಯಲಿನಲ್ಲಿ ಅಕ್ಷರವರಿಯದ ತಾಯಂದಿರಿಗೆ ತಿಳಿದಿದ್ದ ವಿದ್ಯೆ ನಮ್ಮ ತೆಂಗಿನ ಸೀಮೆಗೆ ಇನ್ನೂ ಬಂದಿರಲಿಲ್ಲ. 1980ರ ದಶಕದ ಆರಂಭದಲ್ಲಿ ಕೂಡ ಜಗತ್ತಿನಲ್ಲಿ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸುವ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಬಾಂಗ್ಲಾದೇಶ. ಅಲ್ಲಿನ ಬ್ರಾಕ್ ಸಂಸ್ಥೆಯ ಮಹಿಳೆಯರು 1980ರಿಂದ 1990ರವರೆಗೆ ಹಳ್ಳಿ ಹಳ್ಳಿ ತಿರುಗಿ, ಒಂದು ಕೋಟಿಗೂ ಮಿಕ್ಕಿದ ಮನೆಗಳ ಒಲೆಯ ಮುಂದೆ ಕುಳಿತು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಪಾಠವನ್ನು ತಾಯಂದಿರ ಕೈಯಿಂದಲೇ ಮಾಡಿಸಿ ಕಲಿಸಿದರು. ಆ ಕಾರ್ಯಕರ್ತೆಯರ ಸಂಬಳಕ್ಕೂ ಒಂದು ಜಾಣ ನಿಯಮವಿತ್ತು. ಎಷ್ಟು ಮನೆಗೆ ಹೋದರೆಂಬುದಕ್ಕಲ್ಲ, ಕೆಲವು ವಾರಗಳ ನಂತರ ಬೇರೊಬ್ಬರು ಹೋಗಿ ಕೇಳಿದಾಗ ತಾಯಂದಿರಿಗೆ ಎಷ್ಟು ನೆನಪಿದೆಯೆಂಬುದಕ್ಕೆ ಹಣ. ಸರ್ಕಾರಿ ನೌಕರರಾದ ನಾವು ಈ ನಿಯಮವನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಭಾರತದಲ್ಲಿಯೂ 1980ರ ದಶಕದ ನಡುವಿನಿಂದ ಓಆರ್‌ಎಸ್ ಕಾರ್ಯಕ್ರಮ ನಡೆಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ದೊರೆತದ್ದು ಸುಮಾರು ಶೇ. 61 ಮಂದಿಗೆ. ಉಳಿದವರಿಗೆ ಏಕಿಲ್ಲ? ಪೊಟ್ಟಣಕ್ಕೆ ಬೆಲೆ ಹೆಚ್ಚಿಲ್ಲ, ಸಿಗದ ಊರಿಲ್ಲ, ಗೊತ್ತಿಲ್ಲದ ವೈದ್ಯರಿಲ್ಲ. ಈ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲಿಯೇ ಇತ್ತು ಎಂದು ತಪ್ಪೊಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ದೆಹಲಿಯ ಬೇಸಿಗೆಯಲ್ಲಿ ನಮ್ಮ ಮಗನಿಗೆ ವಾಂತಿಭೇದಿ ಹಿಡಿಯಿತು. ಡಿಸ್ಪೆನ್ಸರಿಯ ಹಿರಿಯ ವೈದ್ಯೆ ಹುಡುಗನ ನಾಲಿಗೆ ನೋಡಿದರು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟು ನೋಡಿದರು, ಮೂತ್ರ ಯಾವಾಗ ಹೋಗಿದ್ದಾನೆಂದು ಕೇಳಿದರು. ಬಳಿಕ ನಾಲ್ಕು ಓಆರ್‌ಎಸ್ ಪೊಟ್ಟಣ ಮತ್ತು ಸತುವಿನ ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದರು. ನಮಗೆ ಅಸಮಾಧಾನವಾಯಿತು. ಸರ್ಕಾರಿ ಔಷಧಾಲಯವೆಂದರೆ ಇಷ್ಟೇ ಎಂದು ಗೊಣಗಿಕೊಂಡು, ಸಂಜೆ ಖಾಸಗಿ ನರ್ಸಿಂಗ್ ಹೋಮ್ ಒಂದಕ್ಕೆ ಕರೆದೊಯ್ದು, ನಾವಾಗಿಯೇ ಕೇಳಿ ಗ್ಲೂಕೋಸ್ ಹಾಕಿಸಿದೆವು. ಸೂಜಿ ಚುಚ್ಚುವಾಗ ಹುಡುಗ ಅತ್ತ. ನಮಗೆ ಮಾತ್ರ ಸಮಾಧಾನವಾಯಿತು. ಊರಿಗೆ ಫೋನ್ ಮಾಡಿ ಗ್ಲೂಕೋಸ್ ಹಾಕಿಸಿದ್ದೇವೆ ಎಂದು ಹೇಳಿದಾಗ ಬಂಧುಗಳಿಗೂ ಸಮಾಧಾನವಾಯಿತು. ಬಾಟಲಿಯಲ್ಲಿದ್ದುದೂ ಪೊಟ್ಟಣದಲ್ಲಿದ್ದುದೂ ಬಹುಪಾಲು ಒಂದೇ ಎಂದು ಆಗ ನಮಗೆ ಯಾರಾದರೂ ಹೇಳಿದ್ದರೂ ನಂಬುತ್ತಿರಲಿಲ್ಲ.

2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ, ಮಗುವಿಗೆ ಭೇದಿಯೆಂದು ಹೇಳಿಕೊಂಡು ತಂದೆಯ ಪಾತ್ರ ವಹಿಸಿದವರನ್ನು ಕಳಿಸಿ ನೋಡಿದ ಅಧ್ಯಯನವದು. ಚಿಕಿತ್ಸಕರು ಓಆರ್‌ಎಸ್ ಬರೆಯದಿರುವುದಕ್ಕೆ ದಾಸ್ತಾನಿನ ಕೊರತೆಯೂ ಲಾಭದಾಸೆಯೂ ಸಣ್ಣ ಕಾರಣಗಳೆಂದು ಕಂಡುಬಂತು. ದೊಡ್ಡ ಕಾರಣ, ಸುಮಾರು ಶೇ. 42ರಷ್ಟು, ಬೇರೆ: ರೋಗಿಯ ಕಡೆಯವರಿಗೆ ಓಆರ್‌ಎಸ್ ಬೇಡ, ಅವರಿಗೆ ಬೇರೇನೋ ಬೇಕು ಎಂಬ ಚಿಕಿತ್ಸಕರ ಊಹೆ. ಆ ಊಹೆಯನ್ನು ವೈದ್ಯರ ಮನಸ್ಸಿನಲ್ಲಿ ಬಿತ್ತಿದವರು ಯಾರು? ಪೊಟ್ಟಣ ಕಂಡು ಮುಖ ಸಿಂಡರಿಸಿದ ನಮ್ಮಂಥವರೇ. ನೀರು ಕೊಡಬಾರದೆಂದು ಅಜ್ಜಿ ನಂಬಿದ್ದರು. ಬರಿಯ ನೀರಿನಿಂದ ಏನಾದೀತು ಎಂದು ನಾವು ನಂಬಿದ್ದೆವು. ಅಜ್ಜಿಗೆ ಹೇಳುವವರಿರಲಿಲ್ಲ, ನಮಗೆ ಹೇಳಿದವರಿದ್ದರು ಎಂಬುದಷ್ಟೇ ವ್ಯತ್ಯಾಸ.

ಪೊಟ್ಟಣದ ಮೇಲಿನ ಹೆಸರನ್ನು ಓದುವುದನ್ನೂ ನಾವು ಕಲಿಯಬೇಕು. ಸಕ್ಕರೆ ತುಂಬಿದ ಹಣ್ಣಿನ ರುಚಿಯ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹೊತ್ತು ವರ್ಷಗಟ್ಟಲೆ ಔಷಧದಂಗಡಿಗಳಲ್ಲಿ ಮಾರಾಟವಾದವು. ಸಕ್ಕರೆ ಅತಿಯಾದರೆ ಅದು ಕರುಳಿಗೆ ನೀರನ್ನು ಇನ್ನಷ್ಟು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ಎಂಟು ವರ್ಷ ಛಲ ಬಿಡದೆ ಹೋರಾಡಿದ ಫಲವಾಗಿ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳು ಆ ಹೆಸರು ಬಳಸುವುದನ್ನು ತಡೆಯಿತು. ನಿಜವಾದ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿರುತ್ತದೆ. ಈಗಿನ ಸೂತ್ರ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಬನಗಾಂವ್‌ನ ಸೂತ್ರಕ್ಕಿಂತ ಇದು ತೆಳು, ಸೋಡಾದ ಬದಲಿಗೆ ಸಿಟ್ರೇಟ್. ಮೂವತ್ತು ವರ್ಷಗಳ ಅನುಭವ ಕಲಿಸಿದ ತಿದ್ದುಪಡಿಗಳಿವು.

ಆ ಹಿರಿಯ ವೈದ್ಯೆ ಅಂದು ನಮಗೆ ಹೇಳಿದ್ದನ್ನು, ನಾವು ಕಿವಿಗೊಡದೆ ಹೋದದ್ದನ್ನು, ಈಗ ಇಲ್ಲಿ ಬರೆದಿಡುತ್ತೇವೆ. ಪೊಟ್ಟಣದ ಮೇಲೆ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಇಡೀ ಪೊಟ್ಟಣವನ್ನು ಒಮ್ಮೆಗೇ ಕಲಸಬೇಕು. 24 ಗಂಟೆ ಮೀರಿದರೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ. ಎದೆಹಾಲನ್ನೂ ಅನ್ನಾಹಾರವನ್ನೂ ನಿಲ್ಲಿಸಬಾರದು. ಆರು ತಿಂಗಳು ತುಂಬಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತು, 10ರಿಂದ 14 ದಿನ. ಚಿಕ್ಕ ಕೂಸಿಗೆ ಅದರರ್ಧ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದೆ ಮಂಕಾಗಿ ಬಿದ್ದಿದ್ದರೆ, ಕಣ್ಣು ಗುಳಿಬಿದ್ದು ಚಿವುಟಿದ ಚರ್ಮ ನಿಧಾನವಾಗಿ ಇಳಿದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ ಮನೆಯಲ್ಲಿ ಕಾಯುವಂತಿಲ್ಲ. ದಾರಿಯುದ್ದಕ್ಕೂ ಕುಡಿಸಲು ಯತ್ನಿಸುತ್ತಲೇ ಆಸ್ಪತ್ರೆಗೆ ಹೊರಡಬೇಕು. ಬಾಟಲಿಯ ದ್ರಾವಣ ನಿಜಕ್ಕೂ ಬೇಕಾಗುವುದು ಇಂಥ ಹೊತ್ತಿನಲ್ಲಿ.

ಬಾರದಂತೆ ತಡೆಯುವ ಕಥೆಯೂ ನಾವಿರುವ ಊರುಗಳ ಕಥೆಯೇ. ಮಕ್ಕಳ ತೀವ್ರ ಭೇದಿಗೆ ದೊಡ್ಡ ಕಾರಣವಾದ ರೋಟಾ ವೈರಸ್ಸನ್ನು 1973ರಲ್ಲಿ ಮೆಲ್ಬರ್ನಿನ ರೂತ್ ಬಿಷಪ್ ಗುರುತಿಸಿದರು. ಭಾರತದ್ದೇ ಲಸಿಕೆಗಾಗಿ ಎರಡು ದುರ್ಬಲ ತಳಿಗಳನ್ನು ಪರೀಕ್ಷಿಸಿದರು: ಒಂದು ದೆಹಲಿಯ ಏಮ್ಸ್‌ನ ನವಜಾತ ಶಿಶುಗಳಲ್ಲಿ, ಇನ್ನೊಂದು ಬೆಂಗಳೂರಿನ ಶಿಶುಗಳಲ್ಲಿ ಸಿಕ್ಕಿದ್ದು. ದೆಹಲಿಯ ತಳಿ ಗೆದ್ದಿತು. ಹೈದರಾಬಾದಿನಲ್ಲಿ ಲಸಿಕೆ ತಯಾರಾಯಿತು. ದೆಹಲಿ, ಪುಣೆ ಮತ್ತು ವೇಲೂರಿನ ಮಕ್ಕಳಲ್ಲಿ ಅಂತಿಮ ಪರೀಕ್ಷೆ ನಡೆಯಿತು. 2016ರಿಂದ ರೋಟಾ ಲಸಿಕೆ ಸರ್ಕಾರದ ಉಚಿತ ಲಸಿಕಾ ಪಟ್ಟಿಗೆ ಹಂತಹಂತವಾಗಿ ಸೇರಿತು. ಸೋಪಿನಿಂದ ಕೈ ತೊಳೆಯುವುದು, ಶುದ್ಧ ನೀರು, ಶೌಚಾಲಯ, ಈ ಲಸಿಕೆ, ಓಆರ್‌ಎಸ್ ಎಲ್ಲ ಕೂಡಿ ಮಕ್ಕಳ ಸಾವು ವರ್ಷಕ್ಕೆ ಸುಮಾರು 4.5 ಲಕ್ಷಕ್ಕೆ ಇಳಿದಿದೆ. ಇಳಿಕೆ ದೊಡ್ಡದು, ಉಳಿದಿರುವ ಸಂಖ್ಯೆಯೂ ಸಣ್ಣದಲ್ಲ.

ಕಳೆದ ರಜೆಗೆ ಊರಿಗೆ ಹೋದಾಗ ಈ ಕಥೆಯನ್ನು ಅಮ್ಮನಿಗೆ ಹೇಳಬೇಕೋ ಬೇಡವೋ ಎಂದು ನಾವು ಎರಡು ದಿನ ಯೋಚಿಸಿದೆವು. ಐವತ್ತು ವರ್ಷದ ಹಿಂದಿನ ನೋವು. ಅದು ತಪ್ಪಿಸಬಹುದಾದದ್ದಾಗಿತ್ತು ಎಂದು ಹೇಳಿ ಸಾಧಿಸುವುದೇನು? ಕೊನೆಗೆ ಒಂದು ಸಂಜೆ ಹೇಳಿದೆವು: ಬನಗಾಂವ್, ಡ್ರಮ್ಮು, ಲೋಟ ಹಿಡಿದ ತಾಯಂದಿರು, ದೊಡ್ಡ ದೊಡ್ಡ ಡಾಕ್ಟರುಗಳೂ ಆಗ ಹೊಟ್ಟೆ ಖಾಲಿ ಬಿಡಿ ಎಂದೇ ಹೇಳುತ್ತಿದ್ದರೆಂಬುದು. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. "ನಿಮ್ಮಜ್ಜಿ ಇದ್ದಾಗ ಹೇಳಿದ್ರೆ ಆಗ್ತಿತ್ತು," ಎಂದರು. ಆಮೇಲೆ, ಪಕ್ಕದ ಮನೆಗೆ ಬಾಣಂತನಕ್ಕೆ ಬಂದಿರುವ ಹುಡುಗಿಗೆ ಹೇಳಬೇಕು ಎಂದು, ಒಂದು ಲೀಟರಿಗೆ ಉಪ್ಪು ಎಷ್ಟು, ಸಕ್ಕರೆ ಎಷ್ಟು ಎಂದು ಎರಡು ಬಾರಿ ಕೇಳಿಕೊಂಡರು.